ಗೆದ್ದ ಪಾತ್ರದ ನಂತರ 21 ವರ್ಷ: ಒಬ್ಬ ಇಂಗ್ಲಿಷ್ ನಟಿಯ ಪ್ರಕರಣ

1955ರಲ್ಲಿ ಇಂಗ್ಲೆಂಡಿನ ಒಬ್ಬ ನಟಿ ತಮ್ಮ ಬದುಕಿನ ಬಹಳ ಒಳ್ಳೆಯ ಸಿನಿಮಾ ಪಾತ್ರ ಮಾಡಿದರು. ಆ ವರ್ಷ ಅವರಿಗೆ 39 ತುಂಬಿತು. ವಿಮರ್ಶಕರು ಮೆಚ್ಚಿದರು. ಬ್ರಿಟಿಷ್ ಫಿಲ್ಮ್ ಅಕಾಡೆಮಿಯ ಅತ್ಯುತ್ತಮ ನಟಿ ಪ್ರಶಸ್ತಿಗೆ ಹೆಸರು ನಾಮನಿರ್ದೇಶನವಾಯಿತು. ಅದಾದ ಮೇಲೆ ಅವರು ಮತ್ತೆ ಸಿನಿಮಾದಲ್ಲಿ ಕಾಣಿಸಿಕೊಂಡಿದ್ದು 1976ರಲ್ಲಿ. ನಡುವೆ 21 ವರ್ಷ.

ಕೆಟ್ಟದಾಗಿ ನಟಿಸಿದ ಮೇಲೆ ಕರೆ ಬರದಿದ್ದರೆ ಅರ್ಥ ಆಗುತ್ತದೆ. ಚೆನ್ನಾಗಿ ನಟಿಸಿದ ಮೇಲೂ ಯಾಕೆ ಹೀಗಾಯಿತು? ಈ ಪ್ರಕರಣವನ್ನು ನಾನು ಎತ್ತಿಕೊಂಡಿದ್ದು ಇದೇ ಪ್ರಶ್ನೆಗಾಗಿ.

ನಟಿಯ ಹೆಸರು ಹಾಕಿಲ್ಲ. ಅವರ ಸಿನಿಮಾ, ನಾಟಕ, ಧಾರಾವಾಹಿಗಳ ಹೆಸರನ್ನೂ, ಜೊತೆಗೆ ಕೆಲಸ ಮಾಡಿದವರ ಹೆಸರನ್ನೂ ಬಿಟ್ಟಿದ್ದೇನೆ. ಹೆಸರು ಬಂದ ಕೂಡಲೇ ನಾವು ಮುಖ ನೆನೆಯುತ್ತೇವೆ, ಮದುವೆ-ಮುನಿಸುಗಳ ಕಥೆ ಹುಡುಕುತ್ತೇವೆ. ನನಗೆ ಬೇಕಾಗಿದ್ದು ನಿರ್ಧಾರಗಳು. ಯಾವಾಗ ಒಪ್ಪಿದರು, ಯಾವಾಗ ಒಲ್ಲೆ ಅಂದರು, ಆ ಹೊತ್ತಿಗೆ ಅವರ ಕೈಯಲ್ಲಿ ಏನಿತ್ತು, ಅಷ್ಟೇ. ನಟನೆಯನ್ನು ನಂಬಿ ಬದುಕುತ್ತಿರುವವರಿಗೆ, ಬದುಕಬೇಕು ಅಂದುಕೊಂಡವರಿಗೆ ಇದರಲ್ಲಿ ಏನಾದರೂ ಸಿಗಬಹುದು.

ಹಿನ್ನೆಲೆ

ಅವರು ಹುಟ್ಟಿದ್ದು 1916ರಲ್ಲಿ, ಅವಿಭಜಿತ ಭಾರತದ ಒಂದು ಬಂದರು ಪಟ್ಟಣದಲ್ಲಿ. ತಂದೆ ರೈಲ್ವೆ ಕಂಪನಿಯ ಆಡಳಿತದಲ್ಲಿದ್ದ ಇಂಗ್ಲಿಷ್ ಅಧಿಕಾರಿ. ಮಗುವಿಗೆ ಮೂರು ವರ್ಷ ದಾಟಿದ ಮೇಲೆ ತಾಯಿ ಮಕ್ಕಳನ್ನು ಕರೆದುಕೊಂಡು ಲಂಡನ್‌ಗೆ ಹೋದರು. ಹುಡುಗಿ ಬೆಳೆದಿದ್ದೆಲ್ಲ ಅಲ್ಲೇ. ಮಕ್ಕಳಿಗೆ ನಟನೆ ಕಲಿಸುವ ಶಾಲೆ ಸೇರಿದಳು. 1928ರಲ್ಲಿ, ಅಂದರೆ 12ರ ವಯಸ್ಸಿನಲ್ಲಿ, ಹಾಲ್ಬರ್ನ್ ಎಂಪೈರ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರ್ ನಾಟಕವೊಂದರ ಪುಟ್ಟ ಯಕ್ಷಿಣಿಯಾಗಿ ಮೊದಲ ಸಲ ರಂಗಕ್ಕೆ ಬಂದಳು. 1933ರಲ್ಲಿ ರಾಡಾ, ಅಂದರೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಕಲಿಕೆ. ಮರು ವರ್ಷವೇ ಮೊದಲ ಸಿನಿಮಾ.

ಆ ಕಾಲದ ಒಂದು ಕಾನೂನಿನ ಬಗ್ಗೆ ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ಥಿಯೇಟರುಗಳು ಇಂತಿಷ್ಟು ಪಾಲು ಬ್ರಿಟಿಷ್ ಚಿತ್ರಗಳನ್ನು ತೋರಿಸಲೇಬೇಕು ಎಂಬ ನಿಯಮ 1927ರಲ್ಲಿ ಬಂದಿತ್ತು. ಹಾಲಿವುಡ್ ಚಿತ್ರಗಳ ಹೊಡೆತದಿಂದ ಊರಿನ ಸಿನಿಮಾ ಉಳಿಸಲು ಮಾಡಿದ ಏರ್ಪಾಡು ಅದು. ಆ ಕೋಟಾ ತುಂಬಿಸಲು ಕಡಿಮೆ ದುಡ್ಡಿನಲ್ಲಿ, ಕಡಿಮೆ ದಿನದಲ್ಲಿ ರಾಶಿಗಟ್ಟಲೆ ಚಿತ್ರ ತೆಗೆಯುತ್ತಿದ್ದರು. ಅವನ್ನು ಹೀಗಳೆದವರೇ ಜಾಸ್ತಿ. ಆದರೆ ಹೊಸ ನಟರಿಗೆ ಅಂಥ ಚಿತ್ರಗಳೇ ದೊಡ್ಡ ಶಾಲೆಯಾದವು. ಬೆಳಕು ಎಲ್ಲಿ ಬೀಳುತ್ತದೆ, ಕ್ಯಾಮೆರಾ ಹತ್ತಿರ ಬಂದಾಗ ಮುಖದಲ್ಲಿ ಎಷ್ಟು ತೋರಿಸಿದರೆ ಸಾಕು, ಇವೆಲ್ಲ ಸೆಟ್ಟಿನಲ್ಲಿ ನಿಂತೇ ಕಲಿಯಬೇಕಾದ ವಿಷಯ. ಈ ನಟಿಯೂ 1934ರಿಂದ 1937ರ ತನಕ ಸಣ್ಣಪುಟ್ಟ ಚಿತ್ರಗಳಲ್ಲಿ ದುಡಿದರು.

1937ರಲ್ಲಿ ಗೇನ್ಸ್‌ಬರೋ ಎಂಬ ಸಿನಿಮಾ ಸಂಸ್ಥೆ ಅವರ ಜೊತೆ ಮೂರು ವರ್ಷದ ಕಾಂಟ್ರ್ಯಾಕ್ಟ್ ಮಾಡಿಕೊಂಡಿತು. 1938ರಲ್ಲಿ ರೈಲಿನೊಳಗೆ ನಡೆಯುವ ಒಂದು ಥ್ರಿಲ್ಲರ್ ಚಿತ್ರ ಅವರನ್ನು ಮನೆಮಾತಾಗಿಸಿತು. 1939ರಲ್ಲಿ ಹಾಲಿವುಡ್‌ಗೆ ಎರವಲು ಹೋದರು. ಅಲ್ಲಿ ಎರಡು ಚಿತ್ರ. ಅವುಗಳಲ್ಲಿ ಒಂದು ಆಗಿನ ಪ್ರಸಿದ್ಧ ಬಾಲನಟಿಯ ಚಿತ್ರ. ಅದರಲ್ಲಿ ದೊಡ್ಡವರಿಗೆ ಹೆಚ್ಚು ಕೆಲಸ ಇರಲಿಲ್ಲ. ಅವರು ವಾಪಸ್ ಬಂದರು. ಅದೇ ವರ್ಷ ಯುದ್ಧ ಶುರುವಾಯಿತು.

ಬೇಡ ಅಂದಿದ್ದ ಪಾತ್ರ

ನನ್ನ ಪ್ರಕಾರ ಈ ವೃತ್ತಿಬದುಕಿನ ಮೊದಲ ನಿಜವಾದ ತಿರುವು 1943ರದ್ದು.

ಗೇನ್ಸ್‌ಬರೋ ಆಗ ಹಳೇ ಕಾಲದ ಶ್ರೀಮಂತ ಮನೆತನದ ಕಥೆಯೊಂದನ್ನು ಕೈಗೆತ್ತಿಕೊಂಡಿತ್ತು. ಕಥೆಯಲ್ಲಿ ಇಬ್ಬರು ಗೆಳತಿಯರು. ಒಬ್ಬಳು ಒಳ್ಳೆಯವಳು, ಮೃದು ಮನಸ್ಸಿನವಳು. ಇನ್ನೊಬ್ಬಳು ಬಡತನದಿಂದ ಬಂದವಳು, ಆಸೆ ದೊಡ್ಡದು, ಅದಕ್ಕಾಗಿ ಗೆಳತಿಗೇ ದ್ರೋಹ ಬಗೆಯುವವಳು. ನಮ್ಮ ನಟಿಗೆ ಬೇಕಾಗಿದ್ದು ಒಳ್ಳೆಯ ಗೆಳತಿಯ ಪಾತ್ರ. ಅದುವರೆಗೆ ಅವರು ಮಾಡಿದ್ದೂ ಹೆಚ್ಚಾಗಿ ಅಂಥವೇ. ನಿರ್ಮಾಪಕರು ಕೆಟ್ಟವಳ ಪಾತ್ರ ಕೊಟ್ಟರು.

ಚಿತ್ರ ಭರ್ಜರಿಯಾಗಿ ಓಡಿತು. ಜನ ನೆನಪಿಟ್ಟುಕೊಂಡವರಲ್ಲಿ ಆ ಕೆಟ್ಟವಳೂ ಒಬ್ಬಳು.

ಯಾಕೆ ಅಂತ ತಿಳಿಯಲು ಆಗ ಥಿಯೇಟರಿನಲ್ಲಿ ಕೂತಿದ್ದವರನ್ನು ನೋಡಬೇಕು. ಗಂಡಸರು ಯುದ್ಧಕ್ಕೆ ಹೋಗಿದ್ದರು. ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳಲ್ಲಿ, ಹೊಲಗಳಲ್ಲಿ, ಬಸ್ಸುಗಳಲ್ಲಿ ದುಡಿಯುತ್ತಿದ್ದರು. 1941ರ ಜೂನ್‌ನಿಂದ ಬಟ್ಟೆಗೂ ರೇಷನ್. ಒಂದು ಕೋಟು ಕೊಳ್ಳಬೇಕೆಂದರೂ ಕೂಪನ್ ಎಣಿಸಬೇಕು. ಅಂಥವರ ಮುಂದೆ ಪರದೆಯ ಮೇಲೆ ರೇಷ್ಮೆ, ಲೇಸು, ಮುತ್ತು. ಜೊತೆಗೆ, ಯಾರ ಅಪ್ಪಣೆಯನ್ನೂ ಕೇಳದೆ ತನಗೆ ಬೇಕಾದ್ದನ್ನು ಕಿತ್ತುಕೊಳ್ಳುವ ಒಬ್ಬ ಹೆಣ್ಣು. ಕೊನೆಯಲ್ಲಿ ಅವಳಿಗೆ ಶಿಕ್ಷೆ ಆಗುತ್ತದೆ ನಿಜ. ಆದರೆ ಅದಕ್ಕೆ ಮುಂಚಿನ ಒಂದೂವರೆ ಗಂಟೆ ಅವಳದೇ, ಅಲ್ವಾ?

1945ರಲ್ಲಿ ಸ್ಟುಡಿಯೊ ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಈ ಸಲ ಅವರು ಹಗಲು ದೊಡ್ಡ ಮನೆಯ ಯಜಮಾನಿ, ರಾತ್ರಿ ಮುಖವಾಡ ಹಾಕಿ ಕುದುರೆ ಏರಿ ದಾರಿಹೋಕರನ್ನು ದೋಚುವ ದರೋಡೆಕೋರಳು. ವಿಮರ್ಶಕರು ಹಿಗ್ಗಾಮುಗ್ಗ ಬೈದರು. 1946ರಲ್ಲಿ ಬ್ರಿಟನ್ನಿನ ಥಿಯೇಟರುಗಳಲ್ಲಿ ಅತಿ ಹೆಚ್ಚು ಜನ ನೋಡಿದ ಚಿತ್ರ ಅದೇ ಆಯಿತು. ಅಮೆರಿಕಕ್ಕೆ ಕಳಿಸುವಾಗ ಅಲ್ಲಿನ ಸೆನ್ಸಾರ್ ನಿಯಮದ ಪ್ರಕಾರ ಉಡುಪಿನ ಕತ್ತು ತೀರಾ ಇಳಿದಿದೆ ಎಂಬ ತಕರಾರು ಬಂತು. ಕೆಲವು ದೃಶ್ಯಗಳನ್ನು ಮತ್ತೆ ಚಿತ್ರೀಕರಿಸಬೇಕಾಯಿತು.

1946 ಎಂಥ ವರ್ಷ ಎಂದರೆ, ಆ ಒಂದೇ ವರ್ಷ ಬ್ರಿಟನ್ನಿನಲ್ಲಿ 163 ಕೋಟಿಗೂ ಹೆಚ್ಚು ಸಿನಿಮಾ ಟಿಕೆಟ್ ಮಾರಾಟವಾದವು. ಆಗಿನ ಜನಸಂಖ್ಯೆ ಸುಮಾರು 5 ಕೋಟಿ. ಕೂಸು ಮುದುಕರನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೂ ತಲೆಗೆ 30ಕ್ಕೂ ಹೆಚ್ಚು ಸಿನಿಮಾ. ಆ ದೇಶ ಅಷ್ಟು ಸಿನಿಮಾ ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಆ ಉಬ್ಬರದ ತುದಿಯಲ್ಲಿ ಈ ನಟಿ ನಿಂತಿದ್ದರು. ಪತ್ರಿಕೆಯೊಂದರ ಓದುಗರು ಅವರನ್ನು ಅತಿ ಜನಪ್ರಿಯ ನಟಿ ಎಂದು ಆರಿಸಿದರು.

ಸಮಸ್ಯೆ ಎಲ್ಲಿ ಹುಟ್ಟಿತು

ಗೆಲುವಿನ ಒಳಗೇ ಹುಟ್ಟಿತು ಅನ್ನುವುದು ನನ್ನ ಅನಿಸಿಕೆ. ಒಂದು ಅಚ್ಚಿನಲ್ಲಿ ಬೆಲ್ಲ ಚೆನ್ನಾಗಿ ಬಂತು ಅಂದರೆ ಗಾಣದವರು ಮತ್ತೆ ಅದೇ ಅಚ್ಚಿಗೆ ಸುರಿಯುತ್ತಾರೆ. ಸ್ಟುಡಿಯೊ ಮಾಡಿದ್ದೂ ಅದನ್ನೇ. ಅದೇ ಬಗೆಯ ಹಳೇ ಕಾಲದ ಕಥೆ, ಅದೇ ಬಗೆಯ ಹೆಣ್ಣು. ಆದರೆ ಪಾಕ ಹಾಕುವವರು ಬದಲಾಗಿದ್ದರು. ನಟಿಯನ್ನು ಕೆಟ್ಟವಳ ಪಾತ್ರಕ್ಕೆ ಒಗ್ಗಿಸಿದ ನಿರ್ಮಾಪಕರು ಗೇನ್ಸ್‌ಬರೋ ಬಿಟ್ಟು ಹೋಗಿದ್ದರು. 1946ರಲ್ಲಿ ಸ್ಟುಡಿಯೊದ ಮೇಲಾಡಳಿತವೂ ಬದಲಾಯಿತು. ಗೇನ್ಸ್‌ಬರೋ ಈಗ ರ‍್ಯಾಂಕ್ ಎಂಬ ದೊಡ್ಡ ಸಂಸ್ಥೆಯ ಒಂದು ಅಂಗ. ಆ ಸಂಸ್ಥೆಯ ಒಡೆಯರು ಹಿಟ್ಟಿನ ಗಿರಣಿ ಮನೆತನದಿಂದ ಬಂದವರು. ಸ್ಟುಡಿಯೊಗಳ ಜೊತೆಗೆ ಒಡಿಯನ್, ಗೋಮಾಂಟ್ ಎಂಬ ಎರಡು ದೊಡ್ಡ ಥಿಯೇಟರ್ ಸರಣಿಗಳೂ ಅವರ ಕೈಯಲ್ಲಿದ್ದವು.

ಸ್ಕ್ರಿಪ್ಟ್‌ಗಳು ಸಪ್ಪೆಯಾಗುತ್ತಾ ಹೋದವು. ನಟಿ ಬೇಸತ್ತರು. 1948ರಲ್ಲಿ ಒಂದು ಚಿತ್ರ ಒಲ್ಲೆ ಅಂದುಬಿಟ್ಟರು. ಸ್ಟುಡಿಯೊ ಅವರನ್ನು ಸಸ್ಪೆಂಡ್ ಮಾಡಿತು.

ಕಾಂಟ್ರ್ಯಾಕ್ಟ್ ನಟರಿಗೆ ಸಸ್ಪೆನ್ಷನ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರಕರಣದ ಗಂಟು ಇಲ್ಲೇ ಇದೆ. ಸಂಬಳ ನಿಲ್ಲುತ್ತದೆ. ಬೇರೆ ಕಡೆ ಸಿನಿಮಾ ಮಾಡುವ ಹಾಗಿಲ್ಲ. ಹಾಗಂತ ಕಾಂಟ್ರ್ಯಾಕ್ಟ್ ಮುರಿಯುವುದೂ ಇಲ್ಲ. ಮನೆಯಲ್ಲಿ ಕೂತ ದಿನಗಳನ್ನು ಕಾಂಟ್ರ್ಯಾಕ್ಟಿನ ಕೊನೆಗೆ ಸೇರಿಸುವ ಪದ್ಧತಿ ಹಾಲಿವುಡ್‌ನಲ್ಲಿ ಇತ್ತು. ಅಂದರೆ ಒಲ್ಲೆ ಅಂದಷ್ಟೂ ಸೆರೆ ಉದ್ದ. ಅಮೆರಿಕದಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಇದರ ವಿರುದ್ಧ ಕೋರ್ಟಿಗೆ ಹೋದರು. ಕಾಂಟ್ರ್ಯಾಕ್ಟಿನ ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ, ಅದಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ ಎಂಬ ತೀರ್ಪನ್ನು 1944ರ ಡಿಸೆಂಬರ್‌ನಲ್ಲಿ ಪಡೆದರು. ಆದರೆ ಅದು ಕ್ಯಾಲಿಫೋರ್ನಿಯಾದ ಕಾನೂನು. ಇಂಗ್ಲೆಂಡಿನಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. 1936ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಹಾಲಿವುಡ್ ನಟಿ ಬೆಟ್ಟಿ ಡೇವಿಸ್ ಅವರ ಮೇಲೆ ಅವರ ಸ್ಟುಡಿಯೊ ವಾರ್ನರ್ ಬ್ರದರ್ಸ್ ದಾವೆ ಹೂಡಿ ಗೆದ್ದಿತ್ತು. ಸ್ಟುಡಿಯೊದ ಕಾಂಟ್ರ್ಯಾಕ್ಟ್ ಇರುವಾಗ ಅವರು ಇಂಗ್ಲೆಂಡಿನಲ್ಲಿ ಬೇರೆಯವರ ಚಿತ್ರ ಮಾಡುವಂತಿಲ್ಲ ಎಂದು ನ್ಯಾಯಾಧೀಶರು ಹೇಳಿದ್ದರು.

ಹಾಗಾಗಿ ನಮ್ಮ ನಟಿಯ "ಒಲ್ಲೆ" ನ್ಯಾಯವಾದದ್ದೇ ಆದರೂ ಅದಕ್ಕೆ ಕಾನೂನಿನ ಆಸರೆ ಇರಲಿಲ್ಲ. ಕಾಲವೂ ಕೈಕೊಟ್ಟಿತು. 1947ರ ಆಗಸ್ಟ್‌ನಲ್ಲಿ ಬ್ರಿಟನ್ ಸರ್ಕಾರ ವಿದೇಶಿ ಚಿತ್ರಗಳ ಮೇಲೆ ಶೇ 75ರಷ್ಟು ಸುಂಕ ಹಾಕಿತು. ಹಾಲಿವುಡ್ ಸಿಟ್ಟಾಗಿ ಹೊಸ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು. ಖಾಲಿ ಜಾಗ ತುಂಬಲು ರ‍್ಯಾಂಕ್ ಸಂಸ್ಥೆ ಅವಸರದಲ್ಲಿ ಚಿತ್ರಗಳ ಮೇಲೆ ಚಿತ್ರ ಶುರು ಮಾಡಿತು. 1948ರ ಮೇ ತಿಂಗಳಿಗೆ ಸುಂಕ ಹೋಯಿತು. ತಡೆದಿಟ್ಟಿದ್ದ ಹಾಲಿವುಡ್ ಚಿತ್ರಗಳೆಲ್ಲ ಒಮ್ಮೆಗೇ ನುಗ್ಗಿದವು. ಅವಸರದ ಅಡುಗೆ ಯಾರಿಗೂ ರುಚಿಸಲಿಲ್ಲ. 1949ರ ಹೊತ್ತಿಗೆ ರ‍್ಯಾಂಕ್ ಸಂಸ್ಥೆಯ ಬ್ಯಾಂಕ್ ಸಾಲ ಸುಮಾರು 1 ಕೋಟಿ 60 ಲಕ್ಷ ಪೌಂಡ್. ಖರ್ಚು ಕಡಿತ ಶುರುವಾಯಿತು. ನಮ್ಮ ನಟಿಯನ್ನು ತಾರೆ ಮಾಡಿದ ಲೈಮ್ ಗ್ರೋವ್ ಸ್ಟುಡಿಯೊವನ್ನು ಮಾರಿಬಿಟ್ಟರು. ಶೆಫರ್ಡ್ಸ್ ಬುಷ್‌ನಲ್ಲಿದ್ದ ಆ ಕಟ್ಟಡವನ್ನು ಕೊಂಡವರು ಬಿಬಿಸಿ. ಟೆಲಿವಿಷನ್ ಕಾರ್ಯಕ್ರಮ ಮಾಡಲು!

ಏನೇನು ಮಾಡಿ ನೋಡಿದರು

ಸುಮ್ನೆ ಕೂರುವವರಲ್ಲ ಅವರು. ಈ ಏಳೆಂಟು ವರ್ಷಗಳಲ್ಲಿ ಅವರು ಬೇರೆ ಬೇರೆ ಬಾಗಿಲು ತಟ್ಟಿದ ರೀತಿ ನನಗೆ ತುಂಬ ಮೆಚ್ಚುಗೆ.

1948ರಲ್ಲಿ, ಸ್ಟುಡಿಯೊ ಜೊತೆ ಜಗಳವಾಡಿದ ಅದೇ ವರ್ಷ, ಬಿಬಿಸಿ ಟೆಲಿವಿಷನ್‌ನಲ್ಲಿ ಬರ್ನಾರ್ಡ್ ಶಾ ನಾಟಕವೊಂದರ ಹೂ ಮಾರುವ ಹುಡುಗಿಯ ಪಾತ್ರ ಮಾಡಿದರು. ಇದು ಎಂಥ ನಿರ್ಧಾರ ಅಂತ ಇವತ್ತು ನಮಗೆ ಪಕ್ಕನೆ ಹೊಳೆಯುವುದಿಲ್ಲ. ಆಗ ಇಡೀ ಬ್ರಿಟನ್ನಿನಲ್ಲಿ ಟಿವಿ ಲೈಸೆನ್ಸ್, ಅಂದರೆ ಮನೆಯಲ್ಲಿ ಟಿವಿ ನೋಡಲು ಬೇಕಾದ ಪರವಾನಗಿ, ಇದ್ದದ್ದು ಸುಮಾರು 45 ಸಾವಿರ. ಇದ್ದ ಒಂದೇ ಪ್ರಸಾರ ಕೇಂದ್ರ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್. ಅಲ್ಲಿಂದ ಲಂಡನ್ ಸುತ್ತಮುತ್ತ ಬಿಟ್ಟರೆ ಬೇರೆ ಕಡೆ ಚಿತ್ರ ಸರಿಯಾಗಿ ಸಿಗುತ್ತಿರಲಿಲ್ಲ. ಸಿನಿಮಾದವರು ಟಿವಿಯನ್ನು ಶತ್ರುವಿನ ಹಾಗೆ ನೋಡುತ್ತಿದ್ದರು. ತಮ್ಮ ಚಿತ್ರಗಳನ್ನು ಅದಕ್ಕೆ ಕೊಡುತ್ತಿರಲಿಲ್ಲ. ದೇಶದ ಅತಿ ಜನಪ್ರಿಯ ಸಿನಿಮಾ ನಟಿ ಆ ಪುಟ್ಟ ಪೆಟ್ಟಿಗೆಗಾಗಿ ನೇರ ಪ್ರಸಾರದಲ್ಲಿ ನಟಿಸಿದರು. ನೇರ ಪ್ರಸಾರ ಅಂದರೆ ಮಾತು ಮರೆತರೆ ಮರೆತ ಹಾಗೆಯೇ. ರೀಟೇಕ್ ಇಲ್ಲ. ಒಂದು ದೃಶ್ಯ ಮುಗಿಸಿ ಮುಂದಿನ ಸೆಟ್ಟಿಗೆ ಓಡಬೇಕು. ಸೀರೆಗೆ ನೆರಿಗೆ ಹಿಡಿಯುವಷ್ಟು ಹೊತ್ತಿನಲ್ಲಿ ಉಡುಪು ಬದಲಾಯಿಸಬೇಕು. ಬರೀ ಸಿನಿಮಾದಲ್ಲಿ ಬೆಳೆದವರು ಇಲ್ಲಿ ಹೆದರುತ್ತಾರೆ. ಇವರಿಗೆ ಹಿಂದೆ ರಂಗದ ಅಭ್ಯಾಸ ಇತ್ತು.

1949ರಲ್ಲಿ ಒಂದು ಹಾಸ್ಯ ಚಿತ್ರ ಮಾಡಿದರು. ಅದು ನೆಲಕಚ್ಚಿತು. ಅದೇ ಚಳಿಗಾಲ ರಂಗಕ್ಕೆ ಹೋಗಿ, ಮಕ್ಕಳಿಗಾಗಿ ಪ್ರತಿ ವರ್ಷ ಆಡುವ ಪ್ರಸಿದ್ಧ ನಾಟಕದಲ್ಲಿ ಹಾರುವ ಹುಡುಗನ ಪಾತ್ರ ಹಾಕಿದರು. ಮರುವರ್ಷವೂ ಹಾಕಿದರು. ರ‍್ಯಾಂಕ್ ಜೊತೆಗಿನ ನಂಟು ಕಡಿದುಕೊಂಡರು. ಇನ್ನೊಬ್ಬ ದೊಡ್ಡ ನಿರ್ಮಾಪಕರ ಜೊತೆ ಸೇರಿ 1952ರಿಂದ 1954ರ ನಡುವೆ ಮೂರು ಚಿತ್ರ ಮಾಡಿದರು. ಮೊದಲನೆಯದು ಪರವಾಗಿಲ್ಲ ಅನ್ನುವ ಹಾಗೆ ನಡೆಯಿತು. ಮಿಕ್ಕ ಎರಡು ನಡೆಯಲಿಲ್ಲ. ಈ ಭಾಗವನ್ನು ನಾನು ಬೇಗ ದಾಟುತ್ತಿದ್ದೇನೆ. ಯಾಕೆಂದರೆ ಇಲ್ಲಿ ಅವರು ಮಾಡಿದ್ದು ಸ್ಟುಡಿಯೊ ಬದಲಾಯಿಸಿದ್ದು ಮಾತ್ರ. ಪಾತ್ರಗಳ ಬಗೆ ಏನೂ ಬದಲಾಗಿರಲಿಲ್ಲ.

ನಿಜವಾದ ಎರಡನೇ ತಿರುವು ರಂಗದಲ್ಲಿ ಬಂತು. ಪತ್ತೇದಾರಿ ಕಥೆಗಳಿಗೆ ಲೋಕವೆಲ್ಲ ಹೆಸರಾದ ಲೇಖಕಿಯೊಬ್ಬರ ಬಳಿ ತಮಗಾಗಿ ಒಂದು ನಾಟಕ ಬರೆಯಬೇಕೆಂಬ ಕೋರಿಕೆ ಹೋಯಿತು. ನಟಿ ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿದರು. ಕೆಟ್ಟ ಹೆಂಗಸಿನ ಪಾತ್ರ ಮಾಡಿ ಸಾಕಾಗಿದೆ, ಕೊಲೆಯ ಕುತೂಹಲವೂ ಇರಲಿ, ನಗುವೂ ಇರಲಿ ಎಂಬುದು ಅವರ ಆಸೆ. ಲೇಖಕಿ ಹಾಗೇ ಬರೆದುಕೊಟ್ಟರು. 1954ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ನಾಟಕ ಶುರುವಾಯಿತು. ಒಟ್ಟು 774 ಪ್ರಯೋಗ ಕಂಡಿತು.

1948ರ "ಒಲ್ಲೆ"ಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿ ಬೇಡವಾದ ಸ್ಕ್ರಿಪ್ಟನ್ನು ಮೇಜಿನ ಮೇಲೆ ವಾಪಸ್ ಇಟ್ಟಿದ್ದರು. ಇಲ್ಲಿ ಬೇಕಾದದ್ದು ಏನು ಅಂತ ಬರೆಯುವವರಿಗೇ ಹೇಳಿದರು. ತನಗೆ ಏನು ಬೇಡ ಅನ್ನುವುದು ಯಾವ ನಟರಿಗಾದರೂ ಗೊತ್ತಿರುತ್ತದೆ. ಏನು ಬೇಕು ಅಂತ ಇಷ್ಟು ಸ್ಪಷ್ಟವಾಗಿ ಹೇಳಬಲ್ಲವರು ಕಡಿಮೆ. ಹೇಳಿದ್ದನ್ನು ಕೇಳುವಂಥ ಲೇಖಕರು ಸಿಗುವುದು ಇನ್ನೂ ಕಡಿಮೆ.

1955

ಈಗ ಮೊದಲು ಹೇಳಿದ ಚಿತ್ರಕ್ಕೆ ಬರೋಣ. ಅದರಲ್ಲಿ ಒಬ್ಬ ಚೆಲುವ ಯುವಕ ದುಡ್ಡಿಗಾಗಿ ವಯಸ್ಸಾದ ಹೆಂಡತಿಯನ್ನು ಕೊಂದಿರುತ್ತಾನೆ. ಮುಂದಿನ ಬೇಟೆ ಅಂತ ಅವನು ಹಿಡಿಯುವುದು ಒಬ್ಬ ವಿಧವೆಯನ್ನು. ಅವಳು ಹಿಂದೆ ಮದ್ಯದಂಗಡಿಯಲ್ಲಿ ಕೆಲಸ ಮಾಡಿದವಳು. ಮಾತು ಒರಟು, ನಗು ಜೋರು. ಕೈಯಲ್ಲಿ ದುಡ್ಡಿದೆ, ಆ ದುಡ್ಡಿನ ಮೇಲೆ ಹಿಡಿತವೂ ಇದೆ. ಅವಳು ಅವನಿಗಿಂತ ಚೂಟಿ. ನಮ್ಮ ನಟಿ ಮಾಡಿದ್ದು ಈ ವಿಧವೆಯನ್ನು. ರೇಷ್ಮೆ, ಲೇಸು ಯಾವುದೂ ಇಲ್ಲ. ಚೆಲುವೆಯಾಗಿ ಕಾಣಬೇಕೆಂಬ ಹಂಬಲವನ್ನೂ ಅವರು ಬದಿಗಿಟ್ಟಿದ್ದರು. ಹಾಗೆ ಬಿಟ್ಟುಕೊಡಲು ಧೈರ್ಯ ಬೇಕು. ಹತ್ತು ವರ್ಷ ಜನ ನೋಡಿದ್ದೇ ಆ ಚೆಲುವನ್ನಲ್ಲವೇ?

ವಿಮರ್ಶಕರು ಮೆಚ್ಚಿದರು. ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ. ಆಮೇಲೆ ಮೌನ.

ಈ ಮೌನಕ್ಕೆ ಒಂದೇ ಕಾರಣ ಹುಡುಕುವುದು ತಪ್ಪಾಗುತ್ತದೆ. ಅದೇ 1955ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನಲ್ಲಿ ಐಟಿವಿ ಶುರುವಾಯಿತು. ಬಿಬಿಸಿಗೆ ಪೈಪೋಟಿಯಾಗಿ ಜಾಹೀರಾತಿನಿಂದ ನಡೆಯುವ ವಾಹಿನಿ ಬಂತು. ಎರಡು ವರ್ಷದ ಹಿಂದೆ, 1953ರ ಜೂನ್‌ನಲ್ಲಿ, ರಾಣಿಯ ಪಟ್ಟಾಭಿಷೇಕವನ್ನು ಸುಮಾರು 2 ಕೋಟಿ ಜನ ಟಿವಿಯಲ್ಲಿ ನೋಡಿದ್ದರು. ಟಿವಿ ಇದ್ದ ಮನೆಗೆ ಇಡೀ ಬೀದಿಯೇ ಬಂದು ಕೂತಿತ್ತು. 1955ಕ್ಕೆ ಲೈಸೆನ್ಸ್ 45 ಲಕ್ಷ ಆಗಿತ್ತು. ಏಳು ವರ್ಷದ ಹಿಂದೆ ಇದ್ದದ್ದು 45 ಸಾವಿರ. ನೂರು ಪಟ್ಟು! ಸಿನಿಮಾ ಟಿಕೆಟ್ ಲೆಕ್ಕ 1946ರ 163 ಕೋಟಿಯಿಂದ 1960ಕ್ಕೆ 50 ಕೋಟಿಗೆ ಇಳಿಯಿತು.

ಹೀಗೆ ಮನೆಯಲ್ಲೇ ಉಳಿದವರು ಯಾರು? 1943ರಲ್ಲಿ ಕೆಲಸ ಮುಗಿಸಿ ಥಿಯೇಟರಿಗೆ ಬರುತ್ತಿದ್ದ ಆ ಹೆಂಗಸರಲ್ಲಿ ಎಷ್ಟೋ ಜನ ಈಗ ಮಕ್ಕಳ ತಾಯಂದಿರು. ಸಂಜೆ ಟಿವಿ ಮುಂದೆ ಕೂರುತ್ತಿದ್ದರು. ಇತ್ತ ಬ್ರಿಟಿಷ್ ಸಿನಿಮಾ ಯುದ್ಧದ ಕಥೆಗಳಿಗೆ ಹೊರಳಿತ್ತು. ವಿಮಾನ, ಹಡಗು, ಸೆರೆಶಿಬಿರ, ಗಂಡಸರ ಗುಂಪು. ಹೆಣ್ಣಿಗೆ ಅದರಲ್ಲಿ ಬಾಗಿಲಲ್ಲಿ ನಿಂತು ಕಳಿಸಿಕೊಡುವ ಕೆಲಸ. 39ರ ಹೆಣ್ಣಿಗೆ ಅದೂ ಇಲ್ಲ.

ವಯಸ್ಸಿನ ಮಾತನ್ನು ಮುಚ್ಚಿಡುವುದು ಬೇಡ. ಗೇನ್ಸ್‌ಬರೋದಲ್ಲಿ ಇವರ ಜೊತೆ ನಾಯಕರಾಗಿದ್ದ ಇಬ್ಬರು ನಟರು ಹಾಲಿವುಡ್‌ಗೆ ಹೋದರು. ಇಬ್ಬರೂ ಇವರಿಗಿಂತ ದೊಡ್ಡವರು. 40 ದಾಟಿದ ಮೇಲೂ ಅವರು ನಾಯಕರಾಗಿಯೇ ದುಡಿದರು. ಒಂದೇ ಸ್ಟುಡಿಯೊ, ಒಂದೇ ಚಿತ್ರಗಳು, ಒಂದೇ ಜನಪ್ರಿಯತೆ. ಆದರೂ ಅವರಿಗೆ ಒಂದು ಕ್ಯಾಲೆಂಡರ್, ಇವರಿಗೆ ಇನ್ನೊಂದು. ಇದು ನಟಿಯ ತಪ್ಪು ನಿರ್ಧಾರದಿಂದ ಆದದ್ದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಟೆಲಿವಿಷನ್ ಕೊಟ್ಟದ್ದು

1957ರಲ್ಲಿ ಬಿಬಿಸಿಯ ಒಂದು ಧಾರಾವಾಹಿಯಲ್ಲಿ ಅವರು ಹೋಟೆಲ್ ನಡೆಸುವ ಹೆಂಗಸಾದರು. 1965ರಲ್ಲಿ ಮತ್ತೆ ಹೋಟೆಲಿನ ಒಡತಿ. ಈ ಸಲ ಲಂಡನ್ ವಿಮಾನ ನಿಲ್ದಾಣದ ಹತ್ತಿರದ ಹೋಟೆಲು. ಅದರಲ್ಲಿ ಅವರ ಸ್ವಂತ ಮಗಳೂ ಜೊತೆಗೆ ನಟಿಸಿದರು. 1969ರಲ್ಲಿ ಟಿವಿ ನಾಟಕವೊಂದರಲ್ಲಿ ವಕೀಲೆ. ಅದರ ಬೆನ್ನಿಗೇ ಯಾರ್ಕ್‌ಷೈರ್ ಟೆಲಿವಿಷನ್ ಅವರಿಗಾಗಿ ಒಂದು ಸರಣಿ ಮಾಡಿತು. ಕೋರ್ಟಿನಲ್ಲಿ ವಾದ ಮಾಡುವ ಬ್ಯಾರಿಸ್ಟರ್ ಪಾತ್ರ. 1971ರಿಂದ 1974ರ ತನಕ 39 ಕಂತು. ಶುರುವಾದಾಗ ಅವರಿಗೆ 55, ಮುಗಿಯುವಾಗ 57.

ಈ ಪಾತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಎದ್ದು ಕಂಡಿತು. ಅವರಿಗೆ ಹೆಸರು ತಂದ ಚಿತ್ರಗಳ ಹೆಣ್ಣು ಬೇರೆಯವರ ಮನೆಯಲ್ಲಿ ಇರುವವಳು. ಗಂಡನ ಬಂಗಲೆ, ಗೆಳತಿಯ ಅರಮನೆ. ತನಗೆ ಬೇಕಾದ್ದನ್ನು ಕದ್ದೋ ಕೊಂದೋ ಪಡೆಯಬೇಕು, ಯಾಕೆಂದರೆ ಕೇಳಿ ಪಡೆಯುವ ದಾರಿಯೇ ಅವಳಿಗಿಲ್ಲ. ಟಿವಿಯ ಹೆಣ್ಣಿಗೆ ಸ್ವಂತ ಜಾಗ ಇದೆ. ಹೋಟೆಲಿನ ಬೀಗದ ಕೈ ಅವಳ ಸೊಂಟದಲ್ಲಿ. ಕೋರ್ಟಿನಲ್ಲಿ ಅವಳು ಎದ್ದು ನಿಂತರೆ ಉಳಿದವರು ಕೇಳಬೇಕು. ಎರಡರಲ್ಲೂ ಇರುವುದು ಅದೇ ನೆಟ್ಟ ನೋಟ, ಅದೇ ಗಟ್ಟಿತನ. ಆ ಗುಣಕ್ಕೆ 1945ರಲ್ಲಿ ಇದ್ದ ಹೆಸರು "ಕೆಟ್ಟವಳು". 1971ರಲ್ಲಿ ಅದು ವಕೀಲಿಕೆಯ ಬಲ ಆಯಿತು.

ಹೊರಗಿನ ಲೋಕವೂ ಅಷ್ಟರಲ್ಲಿ ಸ್ವಲ್ಪ ಬದಲಾಗಿತ್ತು. ಇಂಗ್ಲೆಂಡಿನಲ್ಲಿ ಹೆಂಗಸೊಬ್ಬರು ಮೊದಲ ಸಲ ಬ್ಯಾರಿಸ್ಟರ್ ಆಗಿದ್ದೇ 1922ರಲ್ಲಿ. ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಾಧೀಶೆ ಬಂದಿದ್ದು 1965ರಲ್ಲಿ. ಸರಣಿ ಶುರುವಾದಾಗ ವಿಗ್ಗು-ಗೌನು ತೊಟ್ಟ ಹೆಂಗಸು ಕೋರ್ಟಿನಲ್ಲಿ ಇನ್ನೂ ಅಪರೂಪವೇ. ವಾರ ವಾರ ಅವಳನ್ನು ಮನೆಯೊಳಗೆ ತಂದು ಕೂರಿಸಿದ್ದು ಟಿವಿ.

1976ರಲ್ಲಿ ಸಿನಿಮಾದಿಂದ ಕೊನೆಗೂ ಒಂದು ಕರೆ ಬಂತು. ಜಾನಪದ ಕಥೆಯೊಂದರ ಹಾಡಿನ ಚಿತ್ರದಲ್ಲಿ ಮಲತಾಯಿಯ ಪಾತ್ರ. ಅದೇ ಅವರ ಕೊನೆಯ ಸಿನಿಮಾ. 1980ರಲ್ಲಿ ಕೊನೆಯ ಸಲ ರಂಗ ಹತ್ತಿದರು. 1981ರಲ್ಲಿ ಬ್ರಿಟನ್ನಿನ ಸಿಬಿಇ ಎಂಬ ರಾಷ್ಟ್ರೀಯ ಗೌರವ ಬಂತು. ಆಮೇಲೆ ಜನರಿಂದ ದೂರ ಉಳಿದರು. 1990ರಲ್ಲಿ ತೀರಿಕೊಂಡರು.

ಪ್ರಕರಣ ಏನು ಹೇಳುತ್ತದೆ

ಮೊದಲು ನನ್ನನ್ನು ಕಾಡುವುದು 1943. ಅವರು ಬಯಸಿದ ಪಾತ್ರ ಸಿಕ್ಕಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲವೇನೋ. ನಟರಿಗೆ ತಮ್ಮ ಬಗ್ಗೆ ಒಂದು ಚಿತ್ರ ಇರುತ್ತದೆ. ಎದುರು ನಿಂತು ನೋಡುವವರಿಗೆ ಇನ್ನೊಂದು ಕಾಣಬಹುದು. ಆ ನಿರ್ಮಾಪಕರಿಗೆ ಅದು ಕಂಡಿತ್ತು. ಆದರೆ ಇದನ್ನೇ ಹಿಡಿದು "ಕೊಟ್ಟ ಪಾತ್ರ ಮಾಡಿಬಿಡಿ" ಅಂತ ಹೇಳಲು ನನಗೆ ಮನಸ್ಸಿಲ್ಲ. 1946ರ ನಂತರ ಕೊಟ್ಟವರಿಗೆ ಆ ಕಣ್ಣೇ ಇರಲಿಲ್ಲ. ಪಾತ್ರ ಕೊಡುವವರು ತಮ್ಮನ್ನು ನೋಡಿ ಕೊಡುತ್ತಿದ್ದಾರಾ, ತಮ್ಮ ಹಿಂದಿನ ಚಿತ್ರದ ಕಲೆಕ್ಷನ್ ನೋಡಿ ಕೊಡುತ್ತಿದ್ದಾರಾ ಅನ್ನುವುದನ್ನು ನಟರು ಪ್ರತಿ ಸಲ ಕೇಳಿಕೊಳ್ಳಬೇಕಾಗುತ್ತದೆ.

ಒಲ್ಲೆ ಅನ್ನುವ ವಿಷಯ. ಅವರ ಜಾಗದಲ್ಲಿ ನಾನಿದ್ದರೂ ಆ ಸ್ಕ್ರಿಪ್ಟ್ ಒಲ್ಲೆ ಅನ್ನುತ್ತಿದ್ದೆ. ಆದರೆ ಅದಕ್ಕೆ ಮುಂಚೆ ಕಾಂಟ್ರ್ಯಾಕ್ಟಿನ ಸಣ್ಣ ಅಕ್ಷರ ಓದಬೇಕಿತ್ತು. ಎಷ್ಟು ತಿಂಗಳು ಸಂಬಳವಿಲ್ಲದೆ ನಡೆಯುತ್ತದೆ, ಆ ಹೊತ್ತಿಗೆ ರಂಗವೋ ಟಿವಿಯೋ ಯಾವುದಕ್ಕೆ ಅಡ್ಡಿ ಇಲ್ಲ ಅನ್ನುವ ಲೆಕ್ಕ ಕೈಯಲ್ಲಿರಬೇಕು. ಅವರ ಬಳಿ ಆ ಲೆಕ್ಕ ಇತ್ತು ಅಂತಲೇ ಅವರ 1948, 1949ರ ನಡೆ ನೋಡಿದರೆ ನನಗೆ ಅನಿಸುತ್ತದೆ. ಸಿನಿಮಾ ಕೈಬಿಟ್ಟಾಗ ಅವರ ಕಾಲಡಿ ರಂಗದ ಹಲಗೆ ಇತ್ತು. 12ರ ವಯಸ್ಸಿನಲ್ಲಿ ಕಲಿತದ್ದು 33ರಲ್ಲಿ ಅನ್ನ ಹಾಕಿತು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಟಿವಿ ಹೇಗಿದ್ದರೂ ಬರುತ್ತಿತ್ತು, ಹಳೆಯ ತಾರೆಯರನ್ನು ಅದು ಹೇಗಿದ್ದರೂ ಕರೆಯುತ್ತಿತ್ತು, ಇದರಲ್ಲಿ ಇವರ ಜಾಣತನ ಏನು ಅಂತ. ಸ್ವಲ್ಪ ನಿಜ. ಆದರೆ ಅದೇ ಕಾಲದ ಎಷ್ಟೋ ತಾರೆಯರಿಗೆ ಟಿವಿ ಅಂದರೆ ಕೆಳಗಿಳಿದ ಹಾಗೆ. ಬೇರೆ ದಾರಿ ಇಲ್ಲದೆ ಬಂದರು, ಮನಸ್ಸಿಲ್ಲದೆ ಮಾಡಿದರು. ಇವರು ಉತ್ತುಂಗದಲ್ಲಿದ್ದಾಗಲೇ ಒಮ್ಮೆ ಆ ಬಾಗಿಲು ದಾಟಿ ನೋಡಿ ಬಂದಿದ್ದರು. ಹಾಗೆ ನೋಡಿ ಬಂದವರಿಗೆ ಎರಡನೇ ಸಲ ಹೋಗುವಾಗ ಅವಮಾನ ಅನಿಸುವುದಿಲ್ಲ.

ಇಂಥ ಪ್ರಕರಣ ಬರೆಯುವವರಿಗೆ ಇನ್ನೊಂದು ತೊಡಕಿದೆ. ಪುರಾವೆ ಸಮನಾಗಿ ಉಳಿದಿಲ್ಲ. ಸಿನಿಮಾ ರೀಲು ಉಳಿಯಿತು. ಹಾಗಾಗಿ 1945ರ ದರೋಡೆಕೋರಳನ್ನು ಇವತ್ತೂ ಯಾರು ಬೇಕಾದರೂ ನೋಡಬಹುದು. ಟಿವಿಯ ಕಥೆ ಹಾಗಲ್ಲ. ಬಿಬಿಸಿ ತನ್ನ ಎಷ್ಟೋ ಕಾರ್ಯಕ್ರಮಗಳ ಟೇಪುಗಳನ್ನು 1970ರ ದಶಕದ ಕೊನೆಯವರೆಗೂ ಅಳಿಸಿ ಮತ್ತೆ ಬಳಸುತ್ತಿತ್ತು. 1940ರ ದಶಕದ ನೇರ ನಾಟಕಗಳನ್ನಂತೂ ಮುದ್ರಿಸಿಡುವ ವಾಡಿಕೆಯೇ ಇರಲಿಲ್ಲ. ಆಡಿದರು, ಪ್ರಸಾರವಾಯಿತು, ಮುಗಿಯಿತು. ಕಣ್ಣಿಗೆ ಸಿಗುವ ಕೆಲಸದಿಂದಷ್ಟೇ ಅಳೆದರೆ ಇವರ ವೃತ್ತಿಬದುಕು 1940ರ ದಶಕದ ಕೆಟ್ಟ ಹೆಂಗಸರಿಂದ ನೆಗೆದು 1971ರ ಕೋರ್ಟಿಗೆ ಬಂದ ಹಾಗೆ ಕಾಣುತ್ತದೆ. ನಡುವಿನ ಹೊಲಿಗೆ ಕಾಣುವುದಿಲ್ಲ. ನಾನು ಅಷ್ಟು ದೊಡ್ಡ ನಿರ್ಧಾರ ಅಂತ ಎಣಿಸುವ 1948ರ ಆ ಹೂ ಮಾರುವ ಹುಡುಗಿಯನ್ನು ಅವರು ಹೇಗೆ ಮಾಡಿದ್ದರು ಅನ್ನುವುದು, ಆ ದಿನ ಲಂಡನ್ ಸುತ್ತಮುತ್ತ ಟಿವಿ ಇದ್ದ ಕೆಲವು ಸಾವಿರ ಮನೆಗಳಲ್ಲಿ, ದೀಪ ಸಣ್ಣದು ಮಾಡಿ ಆ ಪುಟ್ಟ ಪರದೆಯ ಮುಂದೆ ಕೂತಿದ್ದವರಿಗೆ ಮಾತ್ರ ಗೊತ್ತಿತ್ತು.